14 ಕಿಲೋಮೀಟರಿಗೆ ನಾಲ್ಕು ಕಾಯ್ದೆ: ದಾವಣಗೆರೆ–ಹರಿಹರ ರಸ್ತೆಯ ಹೊಸ ಬಡಾವಣೆಗಳ ಅನುದಾನ ಮತ್ತು ಬಸ್ಸು

ದಾವಣಗೆರೆಯಿಂದ ಹರಿಹರಕ್ಕೆ ಹಳೆಯ ಪಿ.ಬಿ. (ಪುಣೆ–ಬೆಂಗಳೂರು) ರಸ್ತೆ ಹಿಡಿದು ಹೋದರೆ ಸುಮಾರು 14 ಕಿಲೋಮೀಟರ್. ಅಷ್ಟರೊಳಗೆ, ಬಸ್ಸಿನಲ್ಲಿ ಕೂತವರ ಗಮನಕ್ಕೇ ಬಾರದಂತೆ, ಆಡಳಿತದ ಗಡಿಗಳು ಬದಲಾಗುತ್ತ ಹೋಗುತ್ತವೆ. ಮೊದಲು 1976ರ ಪೌರ ನಿಗಮಗಳ ಕಾಯ್ದೆಯಡಿ ನಡೆಯುವ ಮಹಾನಗರ ಪಾಲಿಕೆ. ಅದರ ಎಲ್ಲೆ ದಾಟಿದೊಡನೆ 1993ರ ಪಂಚಾಯತ್ ರಾಜ್ ಕಾಯ್ದೆಯ ಗ್ರಾಮ ಪಂಚಾಯಿತಿಗಳು. ಕೊನೆಗೆ 1964ರ ಪೌರಸಭೆಗಳ ಕಾಯ್ದೆಗೆ ಒಳಪಟ್ಟ ಹರಿಹರ ನಗರಸಭೆ. ಇವೆಲ್ಲವನ್ನೂ ಒಂದೇ ನಕ್ಷೆಯಲ್ಲಿ ಹಿಡಿದಿರುವುದು 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆಯಡಿ ರಚನೆಯಾದ ದಾವಣಗೆರೆ–ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ಜನ ಕರೆಯುವ ದೂಡಾ. ಭೂಬಳಕೆಯ ಯೋಜನೆಯ ಮಟ್ಟಿಗೆ ಸರ್ಕಾರ ಈ ಎರಡು ಊರುಗಳನ್ನೂ ನಡುವಿನ ಹಳ್ಳಿಗಳನ್ನೂ ಒಂದೇ ನಗರವೆಂದು ಒಪ್ಪಿಕೊಂಡಿದೆ. ಅನುದಾನ ಹಂಚುವಾಗ ಮಾತ್ರ ಆ ಒಪ್ಪಿಗೆ ಮರೆತುಹೋಗುತ್ತದೆ. ಬಸ್ಸು ಎಷ್ಟು, ಯಾವ ಹೊತ್ತಿಗೆ, ಎಲ್ಲಿ ನಿಲ್ಲಬೇಕು ಎಂಬುದನ್ನಂತೂ ಈ ನಾಲ್ವರಲ್ಲಿ ಯಾರೂ ನಿರ್ಧರಿಸುವುದಿಲ್ಲ.

ಈ ಅಧ್ಯಯನಕ್ಕೆ ತೆಗೆದುಕೊಂಡಿರುವುದು ಪಾಲಿಕೆಯ ಎಲ್ಲೆಗೆ ತಾಗಿಕೊಂಡಿರುವ ಗ್ರಾಮ ಪಂಚಾಯಿತಿಯ ಸ್ಥಿತಿಯನ್ನು. ಯಾವ ಪಂಚಾಯಿತಿ ಎಂದು ಹೆಸರಿಸುವುದು ಅನಗತ್ಯ. ಇಲ್ಲಿ ಹೇಳುವುದರಲ್ಲಿ ಹೆಚ್ಚಿನದು ಚಿತ್ರದುರ್ಗ ನಗರಸಭೆಯ ಅಂಚಿನ ಪಂಚಾಯಿತಿಗಳಿಗೂ ಅಷ್ಟೇ ಅನ್ವಯಿಸುತ್ತದೆ. ಸಂಖ್ಯೆ ಕೊಟ್ಟು ವಿವರಿಸಬೇಕಾದಲ್ಲಿ ಅದು ಲೆಕ್ಕ ತಿಳಿಯಲೆಂದು ಹಾಕಿಕೊಂಡ ಉದಾಹರಣೆ ಎಂದು ಸ್ಪಷ್ಟವಾಗಿ ಹೇಳಿದ್ದೇನೆ.

ಊರು ಹೊರಕ್ಕೆ ಹರಡಿದ ಬಗೆ

1870ರಲ್ಲಿ ಪುರಸಭೆಯಾದ ದಾವಣಗೆರೆ ಬಹುಕಾಲ ಹತ್ತಿ ಗಿರಣಿಗಳ ಊರಾಗಿತ್ತು. ಗಿರಣಿಗಳು ಒಂದೊಂದಾಗಿ ಮುಚ್ಚಿದ ಮೇಲೆ ಅದನ್ನು ಹಿಡಿದು ನಿಲ್ಲಿಸಿದ್ದು ಕಾಲೇಜುಗಳು, ಆಸ್ಪತ್ರೆಗಳು, ಮಂಡಿ ವ್ಯಾಪಾರ ಮತ್ತು 1997ರಲ್ಲಿ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲಾ ಕೇಂದ್ರವಾದಾಗ ಬಂದ ಕಚೇರಿಗಳು. 2007ರಲ್ಲಿ ಅದು ಮಹಾನಗರ ಪಾಲಿಕೆಯಾಯಿತು. 2009ರಲ್ಲಿ ತೋಳಹುಣಸೆಯ ಶಿವಗಂಗೋತ್ರಿ ಸ್ನಾತಕೋತ್ತರ ಕೇಂದ್ರ ಸ್ವತಂತ್ರ ವಿಶ್ವವಿದ್ಯಾನಿಲಯವಾಯಿತು. ಅತ್ತ ಹರಿಹರದಲ್ಲಿ ಕಿರ್ಲೋಸ್ಕರ್ ಕಾರ್ಖಾನೆ ನಿಂತುಹೋದ ಮೇಲೆ ಅಲ್ಲಿನ ಕುಟುಂಬಗಳ ಎರಡನೆಯ ತಲೆಮಾರು ಕೆಲಸಕ್ಕೆ ದಾವಣಗೆರೆಯ ಕಡೆ ಮುಖ ಮಾಡಿತು. ಹೊಳೆಯಾಚೆಯ ಕುಮಾರಪಟ್ಟಣದ ಕಾರ್ಖಾನೆಗೆ ಹೋಗುವವರೂ ಇದ್ದಾರೆ, ಆದರೆ ಅದು ಹಾವೇರಿ ಜಿಲ್ಲೆಗೆ ಸೇರಿದ್ದು. ಅಲ್ಲಿಗೆ ಇನ್ನೊಂದು ಜಿಲ್ಲಾಡಳಿತದ ಲೆಕ್ಕ ಆರಂಭವಾಗುತ್ತದೆ.

ಊರೊಳಗೆ ನಿವೇಶನದ ದರ ಏರಿದಂತೆ ಆಸ್ಪತ್ರೆಯ ನರ್ಸು, ಬಟ್ಟೆ ಅಂಗಡಿಯ ನೌಕರ, ಶಾಲೆಯ ಅತಿಥಿ ಶಿಕ್ಷಕಿ, ಮಂಡಿಯ ಗುಮಾಸ್ತ ಇವರೆಲ್ಲ 30×40 ಅಳತೆಯ ಜಾಗ ಹುಡುಕುತ್ತ ಪಾಲಿಕೆಯ ಎಲ್ಲೆಯಾಚೆ ಬಂದರು. ಬತ್ತದ ಗದ್ದೆ, ಮೆಕ್ಕೆಜೋಳದ ಹೊಲ ಭೂಪರಿವರ್ತನೆಯಾಗಿ ಬಡಾವಣೆಯಾದವು. ಪಂಚಾಯಿತಿಯ ಮೂಲ ಹಳ್ಳಿಗಿಂತ ಅದರ ಸುತ್ತಲಿನ ಬಡಾವಣೆಗಳೇ ದೊಡ್ಡವಾದವು.

ಹಣದ ಲೆಕ್ಕ

ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಬಯಲುಸೀಮೆಯ ಗ್ರಾಮ ಪಂಚಾಯಿತಿಯೊಂದಕ್ಕೆ ಸಾಮಾನ್ಯವಾಗಿ 5,000ದಿಂದ 7,000 ಜನಸಂಖ್ಯೆ ಇರಬೇಕು ಮತ್ತು ಪ್ರತಿ 400 ಜನರಿಗೆ ಒಬ್ಬ ಸದಸ್ಯರಿರಬೇಕು. ಜನಸಂಖ್ಯೆ ಎಂದರೆ ಇತ್ತೀಚೆಗೆ ಪ್ರಕಟವಾದ ಜನಗಣತಿಯ ಸಂಖ್ಯೆ. 2021ರಲ್ಲಿ ನಡೆಯಬೇಕಿದ್ದ ಗಣತಿ ನಡೆಯದ ಕಾರಣ ಇಂದಿಗೂ ಆಧಾರವಾಗಿರುವುದು 2011ರ ಅಂಕಿಯೇ. ಕೇಂದ್ರದ ಹಣದ ಹಂಚಿಕೆಯನ್ನು ಶಿಫಾರಸು ಮಾಡುವ 15ನೆಯ ಹಣಕಾಸು ಆಯೋಗ ತನ್ನ 2021–26ರ ಅವಧಿಯ ಸ್ಥಳೀಯ ಸಂಸ್ಥೆಗಳ ಅನುದಾನಕ್ಕೆ ಬಳಸಿಕೊಂಡದ್ದೂ ಅದನ್ನೇ.

ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ನೋಡಬಹುದು. 2011ರಲ್ಲಿ 6,000 ಜನರಿದ್ದ ಪಂಚಾಯಿತಿಯಲ್ಲಿ ಈಗ 10,000 ಜನರಿದ್ದಾರೆ ಎಂದಿಟ್ಟುಕೊಳ್ಳೋಣ. ತಲೆಗೆ 1,000 ರೂಪಾಯಿಯಂತೆ ಅನುದಾನ ಬಂದರೆ ಅದು 6,000 ತಲೆಗಳ ಲೆಕ್ಕದಲ್ಲಿ 60 ಲಕ್ಷ. ನೀರು ಕುಡಿಯುವವರು, ಕಸ ಹಾಕುವವರು, ಬೀದಿದೀಪ ಕೇಳುವವರು 10,000 ಮಂದಿಯಾದ್ದರಿಂದ ನಿಜದಲ್ಲಿ ತಲೆಗೆ ಸಿಗುವುದು 600. 15ನೆಯ ಆಯೋಗದ ನಿಯಮದಂತೆ ಆ 60 ಲಕ್ಷದಲ್ಲೂ ಶೇ 60 ಭಾಗ, ಅಂದರೆ 36 ಲಕ್ಷ, ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಾದ ನಿರ್ಬಂಧಿತ ಅನುದಾನ. ಉಳಿದ 24 ಲಕ್ಷದಲ್ಲಿ ರಸ್ತೆ, ಚರಂಡಿ, ದೀಪ, ಬಸ್ ತಂಗುದಾಣ ಎಲ್ಲವೂ ಆಗಬೇಕು. ಸದಸ್ಯ ಸ್ಥಾನಗಳೂ ಹೀಗೆಯೇ: 15 ಜನ ಸದಸ್ಯರು ಕೂರುವ ಸಭೆಯಲ್ಲಿ ಇಂದಿನ ಜನಸಂಖ್ಯೆಗೆ 25 ಮಂದಿ ಇರಬೇಕಿತ್ತು. ಬಾರದೆ ಹೋದ ಹತ್ತು ಸ್ಥಾನಗಳಲ್ಲಿ ಹೆಚ್ಚಿನವು ಹೊಸ ಬಡಾವಣೆಗಳದ್ದಾಗಿರುತ್ತಿದ್ದವು. ಹಣದ ಕೊರತೆಯ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ಆ ಹಣ ಎಲ್ಲಿಗೆ ಹೋಗಬೇಕೆಂದು ತೀರ್ಮಾನವಾಗುವ ಸಭೆಯಲ್ಲೇ ಹೊಸಬರ ದನಿ ಕಡಿಮೆ ಎಂಬುದು ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಗಂಭೀರವಾದ ದೋಷ.

ರಾಜ್ಯ ಸರ್ಕಾರದ ಶಾಸನಬದ್ಧ ಅನುದಾನ ಬೇರೆ ಇದೆಯಲ್ಲ ಎಂದು ಕೇಳಬಹುದು. ಅದರಲ್ಲಿ ಒಂದು ಪಾಲು ವಿದ್ಯುತ್ ಕಂಪನಿ ಬೆಸ್ಕಾಂನ ಬಿಲ್ಲಿಗೆಂದೇ ಎಸ್ಕ್ರೊ ಖಾತೆಯಲ್ಲಿ, ಅಂದರೆ ಬೇರೆ ಕೆಲಸಕ್ಕೆ ಮುಟ್ಟಲಾಗದ ಖಾತೆಯಲ್ಲಿ, ಇರುತ್ತದೆ. ಬಡಾವಣೆ ಹೆಚ್ಚಿದಂತೆ ಬೀದಿದೀಪದ ಕಂಬ ಹೆಚ್ಚುತ್ತದೆ, ಬೋರ್‌ವೆಲ್ ಮೋಟಾರು ಹೆಚ್ಚು ಹೊತ್ತು ಓಡುತ್ತದೆ, ಬಿಲ್ಲು ಬೆಳೆಯುತ್ತದೆ. ಇನ್ನುಳಿದದ್ದು ಸ್ವಂತ ವರಮಾನ, ಮುಖ್ಯವಾಗಿ ಮನೆ ಕಂದಾಯ. ಇಲ್ಲಿ ಪಂಚಾಯಿತಿಯ ಆಸ್ತಿಗಳನ್ನು ದಾಖಲಿಸುವ ಇ-ಸ್ವತ್ತು ತಂತ್ರಾಂಶದ ನಮೂನೆಗಳ ಭೇದ ಬರುತ್ತದೆ. ಅನುಮೋದಿತ ಬಡಾವಣೆಯ ನಿವೇಶನಕ್ಕೆ ನಮೂನೆ 9 ಮತ್ತು 11ಎ ಸಿಗುತ್ತದೆ. ಅನುಮೋದನೆಯಿಲ್ಲದ ರೆವಿನ್ಯೂ ನಿವೇಶನಕ್ಕೆ ಸಿಕ್ಕರೆ 11ಬಿ. ಎರಡನೆಯ ಬಗೆಯ ಮನೆಯವರೂ ನೀರು, ರಸ್ತೆ ಕೇಳುತ್ತಾರೆ, ಕೇಳುವುದು ಸಹಜವೂ ಹೌದು. ಆದರೆ ಖಾತೆ ತಕರಾರಿನಲ್ಲಿರುವವರೆಗೆ ಕಂದಾಯ ಸರಿಯಾಗಿ ಬರುವುದಿಲ್ಲ. ಇನ್ನು ಖಾಲಿ ನಿವೇಶನಗಳ ಮಾಲೀಕರಲ್ಲಿ ಅನೇಕರು ದಾವಣಗೆರೆಯಲ್ಲೋ ಬೆಂಗಳೂರಿನಲ್ಲೋ ಇರುವವರು. ಕರ ವಸೂಲಿಗಾರ ಮನೆ ಬಾಗಿಲಿಗೆ ಹೋಗಬಲ್ಲ, ಜಾಲಿ ಬೆಳೆದ ನಿವೇಶನದ ಮುಂದೆ ನಿಂತು ಯಾರನ್ನು ಕೇಳಬೇಕು?

ಬಡಾವಣೆ ಹಸ್ತಾಂತರವಾಗುವ ಗಳಿಗೆಯನ್ನು ತುಸು ಹತ್ತಿರದಿಂದ ನೋಡುವುದು ಒಳ್ಳೆಯದು, ಏಕೆಂದರೆ ಅನ್ಯಾಯ ಕಾಗದದ ಮೇಲೆ ಕಾಣುವುದು ಅಲ್ಲೇ. ವಿನ್ಯಾಸಕ್ಕೆ ಅನುಮೋದನೆ ಕೊಡುವುದು ಪ್ರಾಧಿಕಾರ. ಅನುಮೋದನೆಯ ಶುಲ್ಕಗಳು ಹೋಗುವುದೂ ಅದರ ಖಾತೆಗೇ. ಅಭಿವೃದ್ಧಿದಾರ ರಸ್ತೆ, ಚರಂಡಿ, ಓವರ್‌ಹೆಡ್ ಟ್ಯಾಂಕು, ದೀಪದ ಕಂಬ, ಉದ್ಯಾನದ ಜಾಗ ಎಲ್ಲ ಮಾಡಿ ತೋರಿಸಿ ಹಂತ ಹಂತವಾಗಿ ನಿವೇಶನ ಬಿಡುಗಡೆ ಮಾಡಿಸಿಕೊಳ್ಳುತ್ತಾನೆ. ಕೆಲಸ ಮುಗಿದ ಮೇಲೆ ಇಷ್ಟನ್ನೂ ಪಂಚಾಯಿತಿಗೆ ಬಿಟ್ಟುಕೊಡಲಾಗುತ್ತದೆ. ಪಂಚಾಯಿತಿಯ ಪಾಲಿಗೆ ಬರುವುದು ಬೇಲಿ ಕಿತ್ತ ಉದ್ಯಾನ, ಒಂದು ಮೋಟಾರು, ವಾಲ್ವ್ ತಿರುಗಿಸಲು ಬೇಕಾದ ನೀರುಗಂಟಿಯ ಸಂಬಳ ಮತ್ತು ಬಡಾವಣೆಯ ಕೊನೆಯ ಮೂಲೆಯವರೆಗೆ ಬಂದು ಅಲ್ಲಿಂದ ಹಳ್ಳಕ್ಕೆ ಬೀಳುವ ಒಳಚರಂಡಿ ಪೈಪು. ಆ ಪೈಪನ್ನು ಸಂಸ್ಕರಣಾ ಘಟಕಕ್ಕೆ ಜೋಡಿಸಲು ಗ್ರಾಮ ಪಂಚಾಯಿತಿಗೆ ಅಂಥ ಘಟಕವೇ ಇಲ್ಲ. ಪಾಲಿಕೆಯ ಜಾಲಕ್ಕೆ ಸೇರಿಸಲು ಪಾಲಿಕೆ ಒಪ್ಪಬೇಕು. ಹೀಗೆ ಒಮ್ಮೆ ಮಾತ್ರ ಬರುವ ವರಮಾನ ಒಬ್ಬರಿಗೆ ಹೋಗುತ್ತದೆ, ವರ್ಷವರ್ಷವೂ ಬರುವ ಖರ್ಚು ಇನ್ನೊಬ್ಬರ ಮೇಲೆ ಬೀಳುತ್ತದೆ.

ಪಾಲಿಕೆಯ ವಾದ

ಪಂಚಾಯಿತಿಯ ಪರವಾಗಿ ಇಷ್ಟು ಹೇಳಿದ ಮೇಲೆ ಪಾಲಿಕೆಯ ಮಾತನ್ನೂ ಕೇಳಬೇಕು. 2011ರ ಗಣತಿಯಲ್ಲಿ ದಾವಣಗೆರೆ ನಗರದ ಜನಸಂಖ್ಯೆ ಸುಮಾರು 4.35 ಲಕ್ಷ. ಹಗಲಿನಲ್ಲಿ ಊರೊಳಗೆ ಓಡಾಡುವವರು ಅದಕ್ಕಿಂತ ಹೆಚ್ಚು. ಹರಿಹರ, ಹೊನ್ನಾಳಿ, ಜಗಳೂರು, ಹೊರಗಿನ ಬಡಾವಣೆಗಳು ಎಲ್ಲ ಕಡೆಯಿಂದ ಬರುವವರು ನಡೆಯುವುದು ಪಾಲಿಕೆಯ ರಸ್ತೆಯಲ್ಲಿ; ಅವರು ಬಿಡುವ ಕಸ ಎತ್ತುವುದು ಪಾಲಿಕೆಯ ಪೌರಕಾರ್ಮಿಕರು; ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಮುಂದಿನ ದಟ್ಟಣೆಯನ್ನು ತಡೆದುಕೊಳ್ಳುವುದೂ ಅದೇ ರಸ್ತೆಗಳು. ಹೊರಗಿನ ಬಡಾವಣೆಯವನು ನಗರದ ಸೌಲಭ್ಯ ಬಳಸಿ ಕಂದಾಯವನ್ನು ಮಾತ್ರ ಪಂಚಾಯಿತಿಯ ದರದಲ್ಲಿ ಕಟ್ಟುತ್ತಾನೆ ಎಂಬ ಆಕ್ಷೇಪ ಸುಳ್ಳಲ್ಲ. 15ನೆಯ ಆಯೋಗ ನಗರ ಸಂಸ್ಥೆಗಳಿಗೆ ಆಸ್ತಿ ತೆರಿಗೆಯ ಕನಿಷ್ಠ ದರ ನಿಗದಿ ಮಾಡಬೇಕು, ತೆರಿಗೆ ಸಂಗ್ರಹ ರಾಜ್ಯದ ಆರ್ಥಿಕ ಬೆಳವಣಿಗೆಯ ಜೊತೆಗೆ ಏರುತ್ತಿರಬೇಕು ಎಂಬ ಷರತ್ತುಗಳನ್ನೂ ಹಾಕಿತು. ನಗರದ ತೆರಿಗೆ ರಸೀದಿಯಲ್ಲಿ ಆರೋಗ್ಯ, ಗ್ರಂಥಾಲಯ ಮತ್ತು ಭಿಕ್ಷುಕರ ಉಪಕರಗಳ ಜೊತೆಗೆ ಶೇ 2ರ ನಗರ ಭೂ ಸಾರಿಗೆ ಉಪಕರವೂ ಇರುತ್ತದೆ. ಎಲ್ಲೆಯಿಂದ ಒಂದು ಫರ್ಲಾಂಗು ಆಚೆಯ ಮನೆಗೆ ಆ ಕೊನೆಯ ಸಾಲಿನ ಹೊರೆ ಇಲ್ಲ.

ಆದರೆ ನಗರದ ತೂಕವೂ ಸಣ್ಣದಲ್ಲ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ನಗರಗಳ ಪಟ್ಟಿಯಲ್ಲಿ ದಾವಣಗೆರೆ ಸೇರಿತು. ಯೋಜನೆಯ ಮಾರ್ಗಸೂಚಿಯಂತೆ ಒಂದು ನಗರಕ್ಕೆ ಕೇಂದ್ರದಿಂದ 500 ಕೋಟಿ ರೂಪಾಯಿಯವರೆಗೆ, ಅಷ್ಟೇ ಮೊತ್ತ ರಾಜ್ಯ ಮತ್ತು ಸ್ಥಳೀಯ ಸಂಸ್ಥೆಯಿಂದ. ಆ ಹಣ ಖರ್ಚಾಗಬೇಕಾದದ್ದು ನಗರದ ಎಲ್ಲೆಯೊಳಗೆ. ಅದೇ ಕಾಲದಲ್ಲಿ ಅತಿ ವೇಗವಾಗಿ ಬೆಳೆಯುತ್ತಿದ್ದ ಜಾಗ ಎಲ್ಲೆಯ ಹೊರಗಿತ್ತು.

ತಂಗುದಾಣ ಪಂಚಾಯಿತಿಯದು, ಬಸ್ಸು ಯಾರದೋ

ಸಂವಿಧಾನದ ಹನ್ನೆರಡನೆಯ ಅನುಸೂಚಿ ನಗರ ಸಂಸ್ಥೆಗಳಿಗೆ ಕೊಡಬಹುದಾದ 18 ವಿಷಯಗಳನ್ನು ಹೇಳುತ್ತದೆ. ಅದರಲ್ಲಿ ಬೀದಿದೀಪ, ವಾಹನ ನಿಲುಗಡೆಯ ಜಾಗ ಮತ್ತು ಬಸ್ ನಿಲ್ದಾಣಗಳು ಇವೆ. ಬಸ್ ಸಂಚಾರ ಇಲ್ಲ. ಪಂಚಾಯಿತಿಗಳ ಹನ್ನೊಂದನೆಯ ಅನುಸೂಚಿಯಲ್ಲಿ ರಸ್ತೆ, ಮೋರಿ, ಸೇತುವೆ ಇದೆ, ಅಲ್ಲಿಯೂ ಬಸ್ಸಿಲ್ಲ. ಖಾಸಗಿ ಬಸ್ಸಿಗೆ ರಹದಾರಿ (ಪರ್ಮಿಟ್) ಕೊಡುವುದು 1988ರ ಮೋಟಾರು ವಾಹನ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಸರ್ಕಾರಿ ಬಸ್ಸಿನ ಶೆಡ್ಯೂಲ್ ಹಾಕುವುದು ಕೆಎಸ್‌ಆರ್‌ಟಿಸಿ ವಿಭಾಗ ಮತ್ತು ಡಿಪೊ. ಅವರ ಮುಂದಿರುವ ಪ್ರಶ್ನೆ ಇರುವ ಬಸ್ಸೆಷ್ಟು, ಚಾಲಕ-ನಿರ್ವಾಹಕರೆಷ್ಟು, ಕಿಲೋಮೀಟರಿಗೆ ಗಳಿಕೆಯೆಷ್ಟು ಎಂಬುದು. ವಾಹನ ತೆರಿಗೆ ರಾಜ್ಯದ ಬೊಕ್ಕಸಕ್ಕೆ. ಬಡಾವಣೆಗೆ ಅನುಮೋದನೆ ಕೊಡುವಾಗ ರಸ್ತೆಯ ಅಗಲ ಅಳೆಯುತ್ತಾರೆ. ಆ ರಸ್ತೆಗೆ ಬಸ್ಸು ಬರುತ್ತದೆಯೇ ಎಂದು ಕೇಳಬೇಕಾದವರು ಆ ಮೇಜಿನ ಸುತ್ತ ಇರುವುದಿಲ್ಲ.

ಪಂಚಾಯಿತಿ ತನ್ನ ಅಲ್ಪ ಹಣದಲ್ಲಿ ಹೆದ್ದಾರಿ ಬದಿಗೆ ತಂಗುದಾಣ ಕಟ್ಟಬಲ್ಲದು, ಕಟ್ಟಿಯೂ ಇದೆ. ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ ಅಲ್ಲಿ ನಿಂತರೆ ತೊಂದರೆ ಎಲ್ಲಿದೆ ಎಂದು ಬೇಗ ತಿಳಿಯುತ್ತದೆ. ಹರಿಹರದಲ್ಲೇ ತುಂಬಿಕೊಂಡ ಕೆಂಪು ಬಸ್ಸು ವೇಗ ತಗ್ಗಿಸಿದಂತೆ ಮಾಡಿ ಮುಂದೆ ಹೋಗುತ್ತದೆ. ಮುಂದಿನದು ತುಸು ದೂರ ಹೋಗಿ ನಿಲ್ಲುತ್ತದೆ. ಕಾಲೇಜು ಹುಡುಗರು ಓಡಿ ಮೆಟ್ಟಿಲ ಮೇಲೆ ಜಾಗ ಹಿಡಿಯುತ್ತಾರೆ, ಟಿಫನ್ ಬ್ಯಾಗು ಹಿಡಿದ ಹೆಂಗಸು ತಲುಪುವಷ್ಟರಲ್ಲಿ ನಿರ್ವಾಹಕ ಸೀಟಿ ಊದಿರುತ್ತಾನೆ. "ಇಲ್ಲಿ ಸ್ಟಾಪ್ ಇಲ್ರಿ ಅಕ್ಕಾ, ಹಿಂದೆ ಇನ್ನೊಂದು ಐತಿ" ಎಂಬ ಮಾತು ತಂಗುದಾಣದ ಮುಂದೆಯೇ ಕೇಳಿಬರುತ್ತದೆ. ಅದು ಸುಳ್ಳೂ ಅಲ್ಲ: ತಂಗುದಾಣ ಕಟ್ಟಿದ ಮಾತ್ರಕ್ಕೆ ಅದು ಸಾರಿಗೆ ಸಂಸ್ಥೆಯ ಪಟ್ಟಿಯಲ್ಲಿ ನಿಲುಗಡೆಯಾಗುವುದಿಲ್ಲ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಈ ರಸ್ತೆಯ ಲೆಕ್ಕ ಬದಲಾಯಿತು. ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಖಾಸಗಿ ಬಸ್ಸಿಗೆ ಅದು ಅನ್ವಯಿಸುವುದಿಲ್ಲ. ಮಧ್ಯ ಕರ್ನಾಟಕದಲ್ಲಿ ಖಾಸಗಿ ಬಸ್ಸುಗಳ ಪಾಲು ಮೊದಲಿನಿಂದಲೂ ದೊಡ್ಡದು. ಹೀಗಾಗಿ ತಿಂಗಳ ಸಂಬಳ ಕಡಿಮೆಯಿರುವ ಹೆಣ್ಣುಮಗಳು ಖಾಲಿ ಖಾಸಗಿ ಬಸ್ಸನ್ನು ಬಿಟ್ಟು ತುಂಬಿದ ಸರ್ಕಾರಿ ಬಸ್ಸಿಗೆ ಕಾಯುತ್ತಾಳೆ, ಕಾಯುವುದೇ ಜಾಣತನ. ಯೋಜನೆಯ ಲಾಭ ನಿಜವಾದದ್ದು, ಅದನ್ನು ಹಳಿಯುವ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಆ ಲಾಭ ಬಸ್ಸು ಹೊರಡುವ ಜಾಗದಲ್ಲಿ ಹತ್ತುವವರಿಗೆ ಸಿಕ್ಕಷ್ಟು ನಡುದಾರಿಯಲ್ಲಿ ಹತ್ತುವವರಿಗೆ ಸಿಗುವುದಿಲ್ಲ. 2025ರ ಜನವರಿ 5ರಿಂದ ಸರ್ಕಾರಿ ಬಸ್ ದರ ಶೇ 15ರಷ್ಟು ಏರಿದ್ದರಿಂದ ಗಂಡಸರ ಲೆಕ್ಕವೂ ಬದಲಾಯಿತು. ಇಬ್ಬರು ಸೇರಿ ಒಂದು ಬೈಕಿನಲ್ಲಿ ಹೋಗುವುದು ಟಿಕೆಟ್ಟಿಗಿಂತ ಅಗ್ಗ ಎಂದು ಕಂಡವರು ಬೈಕು ಹಿಡಿದರು. ಆ ಬೈಕುಗಳು ಹೋಗಿ ನಿಲ್ಲುವುದು ಮತ್ತೆ ಪಾಲಿಕೆಯ ರಸ್ತೆಯಲ್ಲೇ.

ನಗರಕ್ಕೆ ವಿದ್ಯುತ್ ಬಸ್ಸುಗಳ ದಾರಿಯೂ ತೆರೆದಿದೆ. 2023ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ಇ-ಬಸ್ ಸೇವಾ ಯೋಜನೆ 10,000 ಬಸ್ಸುಗಳದ್ದು, 2011ರ ಗಣತಿಯಂತೆ ಮೂರು ಲಕ್ಷ ಮೀರಿದ ನಗರಗಳನ್ನು ಮುಖ್ಯವಾಗಿ ಉದ್ದೇಶಿಸಿದ್ದು. ದಾವಣಗೆರೆ ಆ ಅರ್ಹತೆಯೊಳಗೆ ಬರುತ್ತದೆ. ಆ ಬಸ್ಸುಗಳ ಮಾರ್ಗವನ್ನು ಪಾಲಿಕೆಯ ಎಲ್ಲೆ ನೋಡಿ ಹಾಕಬೇಕೋ ದೂಡಾದ ನಕ್ಷೆ ನೋಡಿ ಹಾಕಬೇಕೋ ಎಂಬುದೇ ಈ ಪ್ರಕರಣದ ಮುಖ್ಯ ಪ್ರಶ್ನೆ. ನನ್ನ ಉತ್ತರ ಎರಡನೆಯದು.

ಸೇರ್ಪಡೆಯೊಂದೇ ಮದ್ದೇ?

ಹಳ್ಳಿಗಳನ್ನು ಪಾಲಿಕೆಗೆ ಸೇರಿಸಿಬಿಡಿ ಎಂಬ ಸಲಹೆ ಆಗಾಗ ಬರುತ್ತದೆ. ಬಡಾವಣೆಯವರಲ್ಲಿ ಹಲವರು ಅದನ್ನು ಬಯಸುತ್ತಾರೆ, ಮೂಲ ಹಳ್ಳಿಯವರು ಬಯಸುವುದಿಲ್ಲ. ಕೂಲಿ ಮಾಡುವವರಿಗೆ ಉದ್ಯೋಗ ಖಾತರಿಯ ಕೆಲಸ ತಪ್ಪುತ್ತದೆ, ದನದ ಕೊಟ್ಟಿಗೆಯಿರುವ ಮನೆಗೂ ನಗರದ ತೆರಿಗೆ ಬರುತ್ತದೆ, ಊರಿನ 15 ಸದಸ್ಯರ ಬದಲು ವಾರ್ಡಿನ ಒಂದು ಭಾಗ ಉಳಿಯುತ್ತದೆ. ಪಾಲಿಕೆಗೂ ಸೇರ್ಪಡೆಯೊಂದಿಗೆ ತಕ್ಷಣ ಬರುವುದು ಖರ್ಚೇ. ಮುಂದೊಂದು ದಿನ ಸೇರ್ಪಡೆ ಆಗಬಹುದು. ಆದರೆ ಅದಕ್ಕೆ ಕಾಯುತ್ತ ಬಸ್ಸನ್ನೂ ಒಳಚರಂಡಿಯನ್ನೂ ಮುಂದೂಡುವುದಕ್ಕೆ ಕಾರಣವಿಲ್ಲ.

ಜೊತೆಯಾಗಿ ಯೋಜಿಸಲು ಸಂವಿಧಾನದಲ್ಲೇ ಒಂದು ವೇದಿಕೆ ಇದೆ. 10 ಲಕ್ಷ ಮೀರಿದ ಪ್ರದೇಶಕ್ಕೆ ಮಹಾನಗರ ಯೋಜನಾ ಸಮಿತಿ. ದಾವಣಗೆರೆ ಅಷ್ಟು ದೊಡ್ಡದಲ್ಲದ್ದರಿಂದ ಇಲ್ಲಿ ಪಂಚಾಯಿತಿ ಮತ್ತು ನಗರಗಳ ಯೋಜನೆಗಳನ್ನು ಒಗ್ಗೂಡಿಸಬೇಕಾದದ್ದು ಜಿಲ್ಲಾ ಯೋಜನಾ ಸಮಿತಿ. ಆ ಸಮಿತಿಗೆ ಜೀವ ಬರುವುದು ಚುನಾಯಿತ ಸದಸ್ಯರಿಂದ. ರಾಜ್ಯದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಗ್ರಾಮ ಪಂಚಾಯಿತಿಯ ದೂರು ಮೇಲೇರಬೇಕಾದ ಮೆಟ್ಟಿಲುಗಳು ಹೀಗೆ ಖಾಲಿ ಉಳಿದವು.

ಈಗಿರುವ ಕಾನೂನಿನೊಳಗೇ ಮಾಡಬಹುದಾದದ್ದು

ಮೊದಲನೆಯದು ಜನಸಂಖ್ಯೆಯ ಲೆಕ್ಕ. ಸಂವಿಧಾನದ 243-ಐ ಮತ್ತು 243-ವೈ ವಿಧಿಗಳ ಪ್ರಕಾರ ಐದು ವರ್ಷಕ್ಕೊಮ್ಮೆ ರಚಿಸಬೇಕಾದ ರಾಜ್ಯ ಹಣಕಾಸು ಆಯೋಗ ತನ್ನ ಹಂಚಿಕೆಯ ಸೂತ್ರವನ್ನು ತಾನೇ ಹೆಣೆಯಬಹುದು. ಸಿ. ನಾರಾಯಣಸ್ವಾಮಿ ಅಧ್ಯಕ್ಷತೆಯ ಐದನೆಯ ಆಯೋಗ 2023ರಲ್ಲಿ ರಚನೆಯಾಯಿತು. ಗಣತಿಯ ಸಂಖ್ಯೆಯ ಜೊತೆಗೆ ಇ-ಸ್ವತ್ತಿನಲ್ಲಿ ದಾಖಲಾದ ಮನೆಗಳು, ಗೃಹಬಳಕೆಯ ವಿದ್ಯುತ್ ಸಂಪರ್ಕಗಳು ಎಂಬ ಎರಡು ಅಂಕಿಗಳನ್ನು ವರ್ಷಕ್ಕೊಮ್ಮೆ ನೋಡಿದರೆ ಯಾವ ಪಂಚಾಯಿತಿ ಓಡುತ್ತಿದೆ, ಯಾವುದು ನಿಂತಿದೆ ಎಂದು ತಿಳಿಯುತ್ತದೆ. ಎರಡೂ ಸರ್ಕಾರದ ಬಳಿಯೇ ಇರುವ ದಾಖಲೆಗಳು.

ಎರಡನೆಯದು ದೂಡಾದ ಶುಲ್ಕ. ಹಸ್ತಾಂತರದ ದಿನ ಕಾಗದಗಳ ಜೊತೆಗೆ ಆ ಬಡಾವಣೆಯ ಹೆಸರಿನಲ್ಲಿ ಒಂದಷ್ಟು ಠೇವಣಿಯೂ ಪಂಚಾಯಿತಿಗೆ ಹೋಗಬೇಕು ಮತ್ತು ಅದರ ಬಡ್ಡಿಯಿಂದ ನೀರುಗಂಟಿಯ ಸಂಬಳ, ಮೋಟಾರಿನ ರಿಪೇರಿ ನಡೆಯಬೇಕು. ಒಳಚರಂಡಿ ಎಲ್ಲಿಗೆ ಸೇರುತ್ತದೆ ಎಂಬುದಕ್ಕೆ ಪಾಲಿಕೆಯ ಲಿಖಿತ ಒಪ್ಪಿಗೆಯಿಲ್ಲದೆ ಕೊನೆಯ ಹಂತದ ನಿವೇಶನ ಬಿಡುಗಡೆ ಮಾಡಬಾರದು. ಅಭಿವೃದ್ಧಿದಾರರು ಇದನ್ನು ವಿರೋಧಿಸುತ್ತಾರೆ, ನಿವೇಶನದ ದರ ತುಸು ಏರುತ್ತದೆ. ಆದರೆ ಆ ಖರ್ಚನ್ನು ಈಗಲೂ ಅಲ್ಲಿ ಮನೆ ಕಟ್ಟಿದವರೇ ಟ್ಯಾಂಕರ್ ನೀರಿಗೆ, ಪಿಟ್ ಗುಂಡಿ ಬಳಿಸುವುದಕ್ಕೆ ಕೈಯಿಂದ ಕೊಡುತ್ತಿದ್ದಾರೆ.

ಬಸ್ಸಿನ ಮಟ್ಟಿಗೆ ಅಷ್ಟು ದೊಡ್ಡ ಸುಧಾರಣೆಯೂ ಬೇಕಿಲ್ಲ. ಬೆಳಿಗ್ಗೆ ಎಂಟರಿಂದ ಹತ್ತರವರೆಗೆ, ಸಂಜೆ ಐದರಿಂದ ಏಳೂವರೆಯವರೆಗೆ ಹರಿಹರಕ್ಕೆ ಹೋಗದೆ ನಡುದಾರಿಯ ಬಡಾವಣೆಗಳಿಂದಲೇ ಖಾಲಿ ಹೊರಡುವ ಕೆಲವು ಟ್ರಿಪ್ಪುಗಳನ್ನು ಹಾಕಬೇಕು. ಡಿಪೊ ಗಳಿಕೆಯ ಮಾತೆತ್ತಿದರೆ ಆ ಟ್ರಿಪ್ಪುಗಳ ಕೊರತೆಯನ್ನು ತುಂಬಲು ನಗರದಲ್ಲಿ ವಸೂಲಾಗುವ ಭೂ ಸಾರಿಗೆ ಉಪಕರದ ಒಂದು ಪಾಲನ್ನು ತೆಗೆದಿಡಬಹುದು. ಅದೇ ನಿಧಿಗೆ ಸೇರುವಂತೆ, ಎಲ್ಲೆಗೆ ತಾಗಿದ ಅನುಮೋದಿತ ಬಡಾವಣೆಗಳಿಗೂ ಅಷ್ಟೇ ಉಪಕರ ವಿಧಿಸುವುದನ್ನು ನಾನು ನ್ಯಾಯವೆಂದೇ ಭಾವಿಸುತ್ತೇನೆ, ಬಡಾವಣೆಯ ಮಿತ್ರರಿಗೆ ಇದು ರುಚಿಸದಿದ್ದರೂ. ಬಸ್ಸು ಬರುವ ಮೊದಲು ಉಪಕರ ಬರಬಾರದು ಎಂಬ ಅವರ ಷರತ್ತನ್ನೂ ಒಪ್ಪಬಹುದು. ಹೊಸ ತಂಗುದಾಣಗಳನ್ನು ಸಾರಿಗೆ ಸಂಸ್ಥೆಯ ನಿಲುಗಡೆ ಪಟ್ಟಿಗೆ ಸೇರಿಸುವುದಕ್ಕಂತೂ ಒಂದು ರೂಪಾಯಿ ಖರ್ಚಿಲ್ಲ. ಸಾರಿಗೆ ಪ್ರಾಧಿಕಾರದ ಅಧ್ಯಕ್ಷರಾಗಿರುವ ಜಿಲ್ಲಾಧಿಕಾರಿಯೇ ಎಲ್ಲರನ್ನೂ ಒಂದು ಸಭೆಗೆ ಕರೆದು ಈ ಕೆಲಸ ಮುಗಿಸಬಹುದು.

2011ರ ಗಣತಿಯಲ್ಲಿ ಕೃಷಿ ಮತ್ತು ಮನೆ ಉದ್ಯಮದಾಚೆ ದುಡಿಯುವವರನ್ನು ಮನೆಯಿಂದ ಕೆಲಸದ ಜಾಗ ಎಷ್ಟು ದೂರ, ಯಾವುದರಲ್ಲಿ ಹೋಗುತ್ತೀರಿ ಎಂದು ಕೇಳಲಾಗಿತ್ತು. ಆ ಉತ್ತರಗಳು ಕೋಷ್ಟಕವಾಗಿ ಪ್ರಕಟವಾದರೂ ಅನುದಾನದ ಯಾವ ಸೂತ್ರದೊಳಗೂ ಬರಲಿಲ್ಲ. ಮುಂದಿನ ಗಣತಿಯ ಆಧಾರ ದಿನಾಂಕ 2027ರ ಮಾರ್ಚ್ 1. ಅದರ ಅಂಕಿ ಬಂದಾಗ ಪಂಚಾಯಿತಿಯ ಜನಸಂಖ್ಯೆ ಸರಿಯಾಗುತ್ತದೆ, ಸದಸ್ಯ ಸ್ಥಾನಗಳೂ ಹೆಚ್ಚಬೇಕಾಗುತ್ತದೆ. ಆದರೆ ಗಣತಿ ಜನರನ್ನು ಎಣಿಸುವುದು ಅವರು ವಾಸಿಸುವ ಮನೆಯಲ್ಲಿ; ಹಗಲಿನ ಹೊರೆಯನ್ನು ಪಾಲಿಕೆಗೂ ಸಂಚಾರದ ಖರ್ಚನ್ನು ನಡುವಿನ ಪಂಚಾಯಿತಿಗಳಿಗೂ ಎಷ್ಟೆಷ್ಟು ಹಂಚಬೇಕೆಂದು ಹೇಳಲು ಸಂಚಾರದ ಕೋಷ್ಟಕವನ್ನು ಜಿಲ್ಲೆಯ ಮಟ್ಟದಲ್ಲಿ ಬಿಟ್ಟುಬಿಡದೆ ಪಂಚಾಯಿತಿ ಮತ್ತು ವಾರ್ಡಿನ ಮಟ್ಟಕ್ಕೆ ಇಳಿಸಿ ಕೊಡಬೇಕೆಂದು ರಾಜ್ಯ ಸರ್ಕಾರ ಈಗಲೇ ಕೇಳಿಕೊಳ್ಳಬೇಕು.